ಭಾಯ್ ಅಂಗಡಿಯ ಬೋಣಿ ಕ್ಲಿಕ್ಕು

ತುಮಕೂರಿನ ಅರ್ಧ ಜನ ನೆಟ್ಟಗೆ ನಿದ್ದೆ ಮಾಡದೆ ಇರುವುದಕ್ಕೆ ನಮ್ಮ ಪಕ್ಕದ ಅಂಗಡಿಯ ಭಾಯ್ ಒಬ್ಬರೇ ಕಾರಣ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಅವರೇನು ಪಟಾಕಿ ವ್ಯಾಪಾರಿಯೇ? ಅಲ್ಲ. ಬ್ಯಾಂಡ್‌ಸೆಟ್ಟಿನವರೇ? ಅದೂ ಅಲ್ಲ. ಹಾಸಿಗೆ ಹೊಲಿಯುವವರು! ಹತ್ತಿ ಹಿಂಜಿ, ಹಾಸಿಗೆ ದಿಂಬು ಮಾಡಿ ಮಾರುವುದು ಅವರ ತಾತನ ಕಾಲದಿಂದ ಬಂದ ಕಸುಬು. ಆದರೆ ನೆಮ್ಮದಿಯಾಗಿ ಮಲಗಿ ಏಳುತ್ತಿದ್ದ ಮನುಷ್ಯ ಅವರ ಅಂಗಡಿ ಮುಂದೆ ಹಾದುಹೋದರೆ ಸಾಕು, ಹೊಲಿಗೆ ನಿಲ್ಲಿಸಿ ಕೂಗುತ್ತಿದ್ದರು: "ಸ್ವಾಮಿ, ನೀವು ಎಡಕ್ಕೆ ಮಲಗ್ತೀರಲ್ವಾ? ಭುಜ ನೋಡಿದ್ರೇನೇ ಗೊತ್ತಾಯ್ತದೆ. ದಿಂಬು ಸರಿ ಇಲ್ಲ ನಿಮ್ದು!" ಆ ಮನುಷ್ಯ ಅವತ್ತು ಎಡಕ್ಕೆ ಮಲಗಲೋ ಬಲಕ್ಕೆ ಮಲಗಲೋ ಎಂದು ಯೋಚಿಸುತ್ತಲೇ ಬೆಳಗು ಮಾಡುತ್ತಿದ್ದ.

ಅವರ ಊಹೆ ಸರಿಯಾಗಿರುತ್ತಿತ್ತು ಅಂದುಕೊಂಡಿರಾ? ಹತ್ತಕ್ಕೆ ಒಂದೂ ಸರಿಯಾಗುತ್ತಿರಲಿಲ್ಲ. ನಮ್ಮ ಬೀದಿಯ ಬ್ಯಾಂಕ್ ಮ್ಯಾನೇಜರ್ ಒಮ್ಮೆ ಕಣ್ಣು ಕೆಂಪಗೆ ಮಾಡಿಕೊಂಡು ಹೋಗುತ್ತಿದ್ದರು. ಭಾಯ್ ಅಡ್ಡಹಾಕಿ, "ಹಳೇ ದಿಂಬು ಸಾರ್, ಗಂಟು ಕಟ್ಟೈತೆ" ಎಂದು ಬೂರುಗದ ಹತ್ತಿಯ ಹೊಸ ದಿಂಬೊಂದನ್ನು ಗಂಟುಹಾಕಿದರು. ವಾರದ ಮೇಲೆ ಮ್ಯಾನೇಜರ್ ಮತ್ತಷ್ಟು ಕೆಂಪು ಕಣ್ಣಿನಲ್ಲಿ ಬಂದು, "ದಿಂಬಲ್ಲ ಮಾರಾಯ್ರೇ, ನಮ್ಮ ಮಹಡಿ ಮನೆಯೋರು ಮೃದಂಗ ಕಲೀತಿದಾರೆ" ಎಂದರು. ಭಾಯ್ ಒಂದು ಕ್ಷಣವೂ ಯೋಚಿಸಲಿಲ್ಲ. "ಹಂಗಾದ್ರೆ ಎರಡು ದಿಂಬು ಬೇಕು ಬುಡಿ. ಒಂದು ತಲೆ ಕೆಳಗೆ, ಒಂದು ಕಿವಿ ಮೇಲೆ!"

ಗುಬ್ಬಿಯಿಂದ ಬಂದು ಕಲ್ಯಾಣಮಂಟಪದ ದಾರಿ ಕೇಳಿದ ಹೆಂಗಸೊಬ್ಬರು ರಜಾಯಿ ಹೊತ್ತುಕೊಂಡು ಮದುವೆಗೆ ಹೋದದ್ದನ್ನು ನಾನೇ ಕಂಡಿದ್ದೇನೆ. ಮುಯ್ಯಿ ಮಾಡಲು ಅನುಕೂಲವಾಯಿತು ಎಂದುಕೊಂಡು ಸುಮ್ಮನಾಗಿರಬೇಕು, ಪಾಪ.

ತೊಂಬತ್ತರ ದಶಕದಲ್ಲಿ ನಾನು ಅವರ ಪಕ್ಕದ ಮಳಿಗೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ನಡುವೆ ಇದ್ದದ್ದು ಒಂದು ಗೋಡೆ, ಅದೂ ಹೆಸರಿಗೆ. ಅವರ ಹತ್ತಿಯ ಎಳೆ ಹಾರಿಬಂದು ನನ್ನ ಟೈಪ್‌ರೈಟರುಗಳ ಹಲ್ಲಿನ ಸಂದಿಯಲ್ಲಿ ಕೂರುತ್ತಿತ್ತು. ಒಮ್ಮೆ ತಡೆಯಲಾರದೆ ಹೋಗಿ ಜಗಳಕ್ಕೇ ನಿಂತೆ. ಭಾಯ್ ಪೂರ್ತಿ ಕೇಳಿಸಿಕೊಂಡು, ಗಡ್ಡ ಸವರಿಕೊಂಡು, "ನಂದೂ ಒಂದು ಕಂಪ್ಲೇಂಟ್ ಐತೆ ಮೇಷ್ಟ್ರೇ. ನಿಮ್ ಮಿಷನ್ ಟಕಟಕ ಅಂತಾವಲ್ಲ, ನನ್ ಹತ್ತಿಗೆ ನಿದ್ದೇನೇ ಹತ್ತಾ ಇಲ್ಲ. ನಿದ್ದೆಗೆಟ್ಟ ಹತ್ತೀಲಿ ಹಾಸಿಗೆ ಮಾಡಿದ್ರೆ ಮಲಗೋರ ಗತಿ ಏನು?" ಎಂದರು. ಇಂಥವರ ಹತ್ತಿರ ಯಾರು ತಾನೆ ಜಗಳ ಗೆಲ್ಲಬಲ್ಲರು? ಚಹಾ ಕುಡಿದು ವಾಪಸು ಬಂದೆ.

ಆ ಇನ್‌ಸ್ಟಿಟ್ಯೂಟಿನಲ್ಲಿ ನನ್ನ ಹೆಂಡತಿಯೂ ಪಾಠ ಹೇಳುತ್ತಿದ್ದಳು. ನಮಗೆ ಮಕ್ಕಳಾಗಿರಲಿಲ್ಲ. ಮದುವೆಯಾಗಿ ವರ್ಷಗಳು ಉರುಳಿದ ಹಾಗೆಲ್ಲ ನಮಗೆ ಅದೊಂದೇ ಚಿಂತೆ, ಅದೊಂದೇ ಆಸೆ. ಟೈಪಿಂಗ್ ಪರೀಕ್ಷೆಯ ಅರ್ಜಿಗೆ ಬಂದವರು, ತಪ್ಪು ವಿಳಾಸಕ್ಕೆ ಬಂದವರು, ಎಲ್ಲರೂ ಅವಳನ್ನು "ಏನಮ್ಮಾ, ಏನೂ ವಿಶೇಷ ಇಲ್ವಾ?" ಎಂದು ಕೇಳುವವರೇ. ದಾರಿಹೋಕರ ಬೆನ್ನುಮೂಳೆಯವರೆಗೂ ವಿಚಾರಿಸುತ್ತಿದ್ದ ಭಾಯ್ ಮಾತ್ರ ಈ ಒಂದು ಪ್ರಶ್ನೆಯನ್ನು ಅವಳಿಗೆ ಯಾವತ್ತೂ ಕೇಳಲಿಲ್ಲ. ಅದಕ್ಕೇ ಇರಬೇಕು, ಅವರ ಹತ್ತಿಯ ಎಳೆಗಳನ್ನು ಅವಳು ಬೈಯದೆ ಗುಡಿಸುತ್ತಿದ್ದಳು.

ಕಾಲ ಹೊರಳಿತು. ಟೈಪ್‌ರೈಟರುಗಳು ಗುಜರಿಗೆ ಹೋಗಿ ನನ್ನ ಇನ್‌ಸ್ಟಿಟ್ಯೂಟು ಸೈಬರ್ ಸೆಂಟರ್ ಆಯಿತು. ಅತ್ತ ಭಾಯ್‌ಗೆ ಫೋಮ್ ಹಾಸಿಗೆಯ ಕಾಟ ಶುರುವಾಯಿತು. ಮುಖ್ಯರಸ್ತೆಯಲ್ಲಿ ಗಾಜಿನ ಶೋರೂಮುಗಳು ಬಂದವು. ಅವರ ಅಂಗಡಿಯ ಮುಂದೆ ಯಾರಾದರೂ ಫೋಮ್ ಹಾಸಿಗೆಯನ್ನು ಆಟೋದ ತಲೆ ಮೇಲೆ ಕಟ್ಟಿಕೊಂಡು ಹೋದರೆ ಭಾಯ್ ಮುಖ ತಿರುಗಿಸಿ ಗೋಡೆ ನೋಡುತ್ತಿದ್ದರು. ಆ ಹೆಸರನ್ನೂ ಎತ್ತುತ್ತಿರಲಿಲ್ಲ, "ಅದು" ಎನ್ನುತ್ತಿದ್ದರು.

"ಭಾಯ್, ಇಂಟರ್‌ನೆಟ್ಟಿನಲ್ಲಿ ಜಾಹೀರಾತು ಹಾಕೋಣ" ಎಂದೆ ನಾನು. ವಿಷಯ ಸರಳ. ಹುಡುಕುವ ಸೈಟಿನಲ್ಲಿ ಯಾರಾದರೂ ಹಾಸಿಗೆ ಎಂದು ಟೈಪ್ ಮಾಡಿದರೆ ಪಕ್ಕದಲ್ಲಿ ಭಾಯ್ ಅಂಗಡಿಯ ಹೆಸರು ಬರುತ್ತದೆ. ಸುಮ್ಮನೆ ನೋಡಿದರೆ ಖರ್ಚಿಲ್ಲ, ಅದರ ಮೇಲೆ ಕ್ಲಿಕ್ ಮಾಡಿದರೆ ಮಾತ್ರ ಭಾಯ್ ಕಂಪನಿಗೆ ದುಡ್ಡು ಕಟ್ಟಬೇಕು. ಇಷ್ಟು ಹೇಳುವಷ್ಟರಲ್ಲಿ ಭಾಯ್ ಎದ್ದು ನಿಂತರು.

"ಇದ್ಯಾವ ನ್ಯಾಯ ಮೇಷ್ಟ್ರೇ! ಅಂಗಡಿ ಒಳಗೆ ಕಾಲಿಟ್ಟೋನು ನನಗೆ ಕೊಡಬೇಕೋ, ಕಾಲಿಟ್ಟಿದ್ದಕ್ಕೆ ನಾನೇ ಕೊಡಬೇಕೋ?"

"ನೀವು ಅಂಗಡಿಗೆ ಬಂದೋರಿಗೆಲ್ಲ ಚಹಾ ತರಿಸ್ತೀರಲ್ಲ ಭಾಯ್, ಹಾಗೇ ಅಂದ್ಕೊಳ್ಳಿ."

"ಹಂಗೆ ಹೇಳಿ ಮತ್ತೆ" ಎಂದು ಕೂತರು. ಚಹಾದ ಲೆಕ್ಕದಲ್ಲಿ ಹೇಳಿದರೆ ಅವರಿಗೆ ಯಾವುದೂ ಅರ್ಥವಾಗುತ್ತಿತ್ತು.

ಆಮೇಲೆ ಯಾವ ಪದಗಳನ್ನು ಹಾಕುವುದು ಎಂಬ ಪ್ರಶ್ನೆ. ನಾನು ಹಾಸಿಗೆ, ದಿಂಬು, ಹತ್ತಿ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಾ ಹೋದೆ. ಭಾಯ್ ಕೈ ಅಡ್ಡ ಹಿಡಿದು, "ಅಳಿಯ ಅಂತ ಹಾಕಿ" ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. "ಅರೆ ಮೇಷ್ಟ್ರೇ, ಹೊಸ ಅಳಿಯ ಮನೆಗೆ ಬತ್ತಾನೆ ಅಂದ್ರೆ ಯಾವ ಅತ್ತೆ ತಾನೆ ಹಳೇ ಹಾಸಿಗೆ ಹಾಸ್ತಾಳೆ? ಹಾಸಿಗೆ ಅನ್ನೋ ಮಾತು ಆಮೇಲೆ. ಅಳಿಯ ಮೊದ್ಲು!" ಅವರು ಹೇಳಿದ ಮೇಲೆ ಮುಗಿಯಿತು. ಇಂಗ್ಲಿಷಿನಲ್ಲಿ ಅಳಿಯನನ್ನೂ ಹಾಕಿದೆ.

ಮೊದಲ ಫೋನು ಬಂದದ್ದೇ ಆ ಅಳಿಯನ ದೆಸೆಯಿಂದ! ಕುಣಿಗಲ್ಲಿನ ಒಬ್ಬ ಮಾವನವರು, ಮಗಳ ಗಂಡ ಮನೆಯಲ್ಲೇ ಝಾಂಡಾ ಊರಿ ಜಗಳವಾಡುತ್ತಿದ್ದಾನೆಂದು ವಕೀಲರನ್ನು ಹುಡುಕುತ್ತಿದ್ದರಂತೆ. ಸಿಕ್ಕಿದ್ದು ನಮ್ಮ ಭಾಯ್. ಬೇರೆಯವರಾಗಿದ್ದರೆ ರಾಂಗ್ ನಂಬರ್ ಎಂದು ಇಡುತ್ತಿದ್ದರು. ಭಾಯ್ ಅವರ ಕಷ್ಟವನ್ನೆಲ್ಲ ಕೇಳಿಸಿಕೊಂಡು ಕೊನೆಗೆ, "ಅವ್ರು ಎಲ್ಲಿ ಮಲಗ್ತಾರೆ?" ಎಂದರು. "ಹಾಲಲ್ಲಿ, ಚಾಪೆ ಮೇಲೆ." "ಅಯ್ಯೋ ಸ್ವಾಮಿ, ಚಾಪೆ ಮೇಲೆ ಮಲಗಿದೋನು ಜಗಳ ಆಡದೆ ಇನ್ನೇನು ಮಾಡ್ತಾನೆ!" ಮಾರನೆಯ ದಿನವೇ ಡಬಲ್ ಹಾಸಿಗೆಯೊಂದು ಕುಣಿಗಲ್ ಬಸ್ಸಿನ ಟಾಪ್ ಹತ್ತಿತು. ಜಗಳ ನಿಂತಿತೋ ಇಲ್ಲವೋ ಗೊತ್ತಿಲ್ಲ. ಅಳಿಯ ಮಾತ್ರ ಇನ್ನು ಏಳಲಿಕ್ಕಿಲ್ಲ ಎಂದು ನನಗೆ ಅನ್ನಿಸಿತು.

ನಿಜವಾದ ತಮಾಷೆ ಇರುವುದು ಬೇರೆ ಕಡೆ. ಜಾಹೀರಾತು ಶುರುವಾದ ಮೊದಲ ಬೆಳಗ್ಗೆ ಭಾಯ್ ಲೋಬಾನದ ಹೊಗೆಯ ಸಮೇತ ನನ್ನ ಸೆಂಟರಿಗೆ ಬಂದರು. ಕಂಪ್ಯೂಟರಿಗೆ ಹೊಗೆ ತೋರಿಸಿದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ಅಮ್ಮಾ, ನಿನ್ ಕೈ ಒಳ್ಳೇದು. ಬೋಣಿ ನೀನೇ ಮಾಡು" ಎಂದರು. ಬಾಗಿಲ ಪಕ್ಕದ ಕಂಪ್ಯೂಟರ್ ಅವಳದು, ಅದನ್ನು ಗಿರಾಕಿಗಳಿಗೆ ಕೊಡುತ್ತಿರಲಿಲ್ಲ. ಅವಳು ಹಾಸಿಗೆ ಎಂದು ಟೈಪ್ ಮಾಡಿ, ಭಾಯ್ ಅಂಗಡಿಯ ಹೆಸರು ಬಂದ ಕೂಡಲೇ ಭಕ್ತಿಯಿಂದ ಕ್ಲಿಕ್ ಮಾಡಿದಳು.

"ಅಯ್ಯಯ್ಯೋ! ಅದಕ್ಕೆ ನೀವೇ ದುಡ್ಡು ಕಟ್ಟಬೇಕು ಭಾಯ್!" ಎಂದು ನಾನು ಬಾಯಿ ಬಡಿದುಕೊಂಡೆ.

"ಬೋಣಿ ಗಿರಾಕಿಗೆ ಯಾರಾದ್ರೂ ಲಾಭಕ್ಕೆ ಮಾರ್ತಾರಾ ಮೇಷ್ಟ್ರೇ? ಅಸಲಿಗಿಂತ ಕಮ್ಮಿಗಾದ್ರೂ ಕೊಟ್ಟು ಕಳಿಸ್ತೀವಿ. ಒಳ್ಳೇ ಕೈಯಿಂದ ದಿನ ಶುರು ಆಗ್ಬೇಕು, ಅಷ್ಟೇ. ನೀವು ಓದಿದೋರು, ನಿಮಗೆ ಇದೆಲ್ಲ ತಿಳಿಯಕಿಲ್ಲ ಬುಡಿ."

ಅವತ್ತಿನಿಂದ ಅದು ನಿತ್ಯದ ಪದ್ಧತಿಯಾಯಿತು. ಬೆಳಗ್ಗೆ ಶಟರ್ ಎತ್ತಿ, ಮುಂದೆ ನೀರು ಹಾಕಿ, ಭಾಯ್ ಬರುವುದು. ನಮ್ಮವಳು ಕ್ಲಿಕ್ ಮಾಡುವುದು. ಭಾಯ್ ಮೌಸ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋಗುವುದು. ಕ್ಲಿಕ್ಕಿಗೆ ತಮ್ಮ ಕೈಯಿಂದಲೇ ಕೊಟ್ಟು ಬೋಣಿ ಮಾಡಿಸಿಕೊಂಡ ವ್ಯಾಪಾರಿ ಭೂಲೋಕದಲ್ಲಿ ಬೇರೆ ಯಾರಾದರೂ ಇದ್ದರೆ ನನಗೆ ತಿಳಿಸಿ!

ಹೀಗೇ ಕೆಲವು ಕಾಲ ನಡೆಯಿತು. ಹೊಸ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಒಂದು ವಿಚಿತ್ರ ಶುರುವಾಯಿತು. ನಮ್ಮವಳು ಕ್ರಿಕೆಟ್ ಸ್ಕೋರ್ ತೆಗೆದರೆ ಪಕ್ಕದಲ್ಲಿ ಹಾಸಿಗೆ. ಅಡುಗೆ ಪುಟ ತೆಗೆದರೆ ಹಾಸಿಗೆ. ವಾರ್ತೆಯ ನಡುವೆ ದಿಂಬು! ಅದರಲ್ಲಿ ಒಂದೆರಡು ಕಡೆ ಭಾಯ್ ಅಂಗಡಿಯ ಹೆಸರೂ ಇತ್ತು. ಭಾಯ್‌ಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನೋಡಿ ಮೇಷ್ಟ್ರೇ, ಇಡೀ ಪ್ರಪಂಚದಾಗೆ ನಮ್ದೇ ಬೋರ್ಡು!" ಎಂದು ಬೀದಿಯವರನ್ನೆಲ್ಲ ಕರೆದು ತೋರಿಸಿದರು.

ನಾನು ಅಲ್ಲಿ ಇಲ್ಲಿ ವಿಚಾರಿಸಿದೆ. ಕಂಪನಿಗಳು ಹೊಸ ಉಪಾಯ ಹೂಡಿದ್ದವು. ಮೊದಲು ನೀವು ಟೈಪ್ ಮಾಡಿದ ಪದ ನೋಡಿ ಜಾಹೀರಾತು ಕೊಡುತ್ತಿದ್ದರು. ಈಗ ನಿಮ್ಮ ನಡವಳಿಕೆಯನ್ನೇ ನೋಡುತ್ತಾರಂತೆ. ಯಾವ ಪುಟ ತೆಗೆದಿರಿ, ಎಲ್ಲಿ ಹೆಚ್ಚು ಹೊತ್ತು ನಿಂತಿರಿ, ಏನನ್ನು ಮತ್ತೆ ಮತ್ತೆ ಕ್ಲಿಕ್ ಮಾಡಿದಿರಿ, ಎಲ್ಲವನ್ನೂ ನೆನಪಿಟ್ಟುಕೊಂಡು, ನೀವು ಎಲ್ಲಿ ಹೋದರೂ ಹಿಂದೆಯೇ ಬರುತ್ತಾರೆ. ದಿನಾ ಬೆಳಗ್ಗೆ ಹಾಸಿಗೆ ಕ್ಲಿಕ್ ಮಾಡುವ ಹೆಂಗಸನ್ನು ಕಂಡು ಯಂತ್ರ, ಪಾಪ, ಈಕೆಗೆ ಮಲಗಲು ಜಾಗವೇ ಇಲ್ಲ ಎಂದು ತೀರ್ಮಾನಿಸಿಬಿಟ್ಟಿತ್ತು!

"ಅಂದ್ರೆ ಈ ಬೋರ್ಡು ಪ್ರಪಂಚಕ್ಕೆ ಕಾಣಲ್ವಾ?"

"ಈ ಕಂಪ್ಯೂಟರಿಗೆ ಇಷ್ಟೊಂದು ಕಾಣ್ತಿರೋದು ನಿಮ್ಮ ಬೋಣಿಯಿಂದ ಭಾಯ್."

ಅವರ ಮುಖ ಸಣ್ಣಗಾಯಿತು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು ವಿಷಯ. ಅವರ ಬೋಣಿಯನ್ನು ನೋಡಿಯೇ ಯಂತ್ರ ಫೋಮಿನವರ ಜಾಹೀರಾತನ್ನೂ ತಂದು ಪಕ್ಕದಲ್ಲಿ ಕೂರಿಸಿತ್ತು. ವ್ಯಾಪಾರವೂ ಕೆಟ್ಟಿತು. ಮೊದಲು ಕ್ಲಿಕ್ ಮಾಡುತ್ತಿದ್ದವರು ಹಾಸಿಗೆ ಬೇಕು ಎಂದು ಟೈಪ್ ಮಾಡಿದವರು. ಈಗ ಯಾವಾಗಲೋ ಹಾಸಿಗೆ ನೋಡಿ, ಎಲ್ಲೋ ಕೊಂಡೂ ಆದವರ ಕಣ್ಣ ಮುಂದೆಲ್ಲ ಭಾಯ್ ಅಂಗಡಿ ಕುಣಿಯುತ್ತಿತ್ತು. ಕೈ ತಪ್ಪಿ ಒತ್ತಿದರೂ ಭಾಯ್ ಖರ್ಚು. ಕ್ಯಾತ್ಸಂದ್ರದಿಂದ ಒಬ್ಬರು ಫೋನು ಮಾಡಿ, "ಏನ್ರೀ, ಎಲ್ಲಿ ಹೋದ್ರೂ ಬರ್ತೀರಲ್ರೀ! ನಾನು ಬೆಡ್ ತಗೊಂಡು ಆಗಿದೆ, ಬಿಟ್ಬಿಡ್ರೀ!" ಎಂದು ಕೈ ಮುಗಿಯುವ ದನಿಯಲ್ಲಿ ಬೈದರು.

ಭಾಯ್ ಫೋನು ಇಟ್ಟು ನನ್ನ ಕಡೆ ತಿರುಗಿದರು. "ಬೇಡ ಅಂದೋರ ಹಿಂದೆ ನಾನು ಯಾವತ್ತಾದ್ರೂ ಹೋಗಿದೀನಾ ಮೇಷ್ಟ್ರೇ?" ಎಂದರು. ದಿಂಬು ಹಿಡಿದುಕೊಂಡು ಬಸ್ಸಿನ ಹಿಂದೆ ಓಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ "ಇಲ್ಲ ಭಾಯ್" ಎಂದೆ. ಆಮೇಲೆ ಅವರು ಕೇಳಿದರು, "ಇದಕ್ಕೆ ಸಾಕು ಅಂತ ಹೇಳೋದು ಹೆಂಗೆ?" ನನಗೆ ತಿಳಿದಷ್ಟು ಹೇಳಿದೆ: "ಬೇರೆ ಏನನ್ನಾದ್ರೂ ಜಾಸ್ತಿ ನೋಡ್ತಾ ಹೋದ್ರೆ ನಿಧಾನಕ್ಕೆ ಮನಸ್ಸು ಬದಲಾಯಿಸುತ್ತಂತೆ."

ಮನಸ್ಸು ಬದಲಾಯಿಸುವ ಸಂದರ್ಭ ತಾನಾಗಿಯೇ ಬಂತು. ಆ ವರ್ಷ ನಮ್ಮವಳು ಬಸುರಿಯಾದಳು. ಎಷ್ಟು ಕಾದಿದ್ದೆವೋ ಅಷ್ಟೇ ಹೆದರಿಕೆ. ಯಾರಿಗೂ ಹೇಳುವುದು ಬೇಡ ಎಂದುಕೊಂಡೆವು. ಆದರೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಕಂಪ್ಯೂಟರಿನಲ್ಲಿ ತೊಟ್ಟಿಲು ನೋಡುತ್ತಿದ್ದಳು, ಕುಲಾವಿ ನೋಡುತ್ತಿದ್ದಳು, ಬೆರಳುದ್ದದ ಕಾಲುಚೀಲ ನೋಡಿ ನನ್ನನ್ನು ಕರೆಯುತ್ತಿದ್ದಳು. ನಾವು ಯಾರಿಗೂ ಹೇಳಲಿಲ್ಲ, ನಿಜ. ಯಂತ್ರಕ್ಕೆ ಗೊತ್ತಾಗಿ ಹೋಗಿತ್ತು! ಹಾಸಿಗೆಗಳು ಒಂದೊಂದೇ ಜಾಗ ಬಿಟ್ಟವು. ಸ್ಕೋರಿನ ಪಕ್ಕ ತೊಟ್ಟಿಲು, ವಾರ್ತೆಯ ನಡುವೆ ತೊಟ್ಟಿಲು.

ಒಂದು ಬೆಳಗ್ಗೆ ಬೋಣಿಗೆ ಬಂದ ಭಾಯ್ ಪರದೆಯ ಮೇಲೆ ಅದನ್ನು ನೋಡಿದರು. ಸಂಜೆಯೊಳಗೆ ಅವರ ಹತ್ತಿ ಹಿಂಜುವ ಯಂತ್ರ ಉಪ್ಪಾರಹಳ್ಳಿಯ ಅವರ ಮನೆಯ ಹಿತ್ತಿಲಿಗೆ ಹೋಯಿತು. ಯಾಕೆ ಭಾಯ್ ಎಂದರೆ, "ಇಲ್ಲಿ ಕರೆಂಟು ಸರಿ ಇಲ್ಲ ಮೇಷ್ಟ್ರೇ" ಎಂದರು. ಒಂದೇ ಕಂಬದಿಂದ ನಮ್ಮಿಬ್ಬರಿಗೂ ಕರೆಂಟು, ನನಗಿಲ್ಲದ ತೊಂದರೆ ಅವರಿಗೇನು ಬಂತು? ಬಸುರಿಯ ಮೂಗಿಗೆ ಹತ್ತಿಯ ದೂಳು ಹೋಗಬಾರದು ಎಂದು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ.

ಐದನೆಯ ತಿಂಗಳಲ್ಲಿ ಮಗು ಉಳಿಯಲಿಲ್ಲ.

ಆ ದಿನಗಳ ಬಗ್ಗೆ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ. ಅವಳು ಗುಬ್ಬಿಯ ತವರಿನಲ್ಲಿ ಕೆಲವು ವಾರ ಇದ್ದು ಬಂದಳು. ಅಳಲಿಲ್ಲ. ನಾನು ಅತ್ತುಬಿಟ್ಟೆ, ಅವಳ ತಾಯಿ ಅತ್ತರು, ಅವಳು ಮಾತ್ರ ಅಳಲಿಲ್ಲ. ಅದೇ ನನಗೆ ಭಯವಾಗಿತ್ತು. ಕೆಲಸಕ್ಕೆ ಬಂದರೆ ಸರಿಹೋಗುತ್ತಾಳೆ ಎಂದು ಸೆಂಟರಿಗೆ ಕರೆತಂದೆ. ಅವಳು ತನ್ನ ಕಂಪ್ಯೂಟರ್ ಹಾಕಿದಳು. ತೊಟ್ಟಿಲು. ಬೇರೆ ಪುಟ ತೆಗೆದಳು, ಅಲ್ಲೂ ತೊಟ್ಟಿಲು, ಅದರೊಳಗೆ ನಗುವ ಮಗು. ಆಗಿದ್ದೇನೆಂದು ಊರಿಗೆಲ್ಲ ತಿಳಿದಿತ್ತು, ಆ ಯಂತ್ರವೊಂದಕ್ಕೆ ತಿಳಿದಿರಲಿಲ್ಲ. ಅಷ್ಟರಲ್ಲಿ ಭಾಯ್ ಬಾಗಿಲಲ್ಲಿ ಬಂದು ನಿಂತಿದ್ದರು.

"ಬೋಣಿ ಬೇರೆಯೋರ ಕೈಲಿ ಮಾಡಿಸಿ ಭಾಯ್" ಎಂದಳು ಅವಳು. "ನನ್ನ ಕೈಲಿ ಏನೂ ಉಳಿಯಲ್ಲ." ಕಂಪ್ಯೂಟರ್ ಆರಿಸಿ ಮನೆಗೆ ಹೋದಳು. ಮತ್ತೆ ಬರಲಿಲ್ಲ.

ಭಾಯ್ ಆ ಕುರ್ಚಿಯನ್ನೇ ನೋಡುತ್ತಾ ನಿಂತಿದ್ದರು. "ಈ ತೊಟ್ಟಿಲುಗಳ್ನ ತೆಗೀರಿ ಮೇಷ್ಟ್ರೇ" ಎಂದರು. "ನನ್ನ ಕೈಲಿಲ್ಲ ಭಾಯ್, ಕಂಪನಿಯೋರದು" ಎಂದೆ. "ಬೇರೆ ನೋಡಿದ್ರೆ ಮನಸ್ಸು ಬದಲಾಯಿಸ್ತದೆ ಅಂದಿದ್ರಲ್ಲ, ಅದು ನಿಜವಾ?" "ಹಾಗಂತಾರೆ."

ಮಾರನೆಯ ದಿನದಿಂದ ಭಾಯ್ ತಮ್ಮ ಅಂಗಡಿಗೆ ಅರ್ಧ ಶಟರ್ ಎಳೆದು ನನ್ನ ಸೆಂಟರಿನಲ್ಲಿ ಬಂದು ಕೂರತೊಡಗಿದರು. ಅವಳ ಕಂಪ್ಯೂಟರಿನ ಮುಂದೆ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಹಾಸಿಗೆ, ದಿಂಬು, ರಜಾಯಿ ನೋಡುತ್ತಿದ್ದರು. ಗಿರಾಕಿ ಬಂದು ಕರೆದರೆ, "ಆಮೇಲೆ ಬನ್ನಿ, ಕೆಲಸ ಐತೆ" ಎನ್ನುತ್ತಿದ್ದರು. ದಾರಿಹೋಕರನ್ನು ಕೂಗಿ ಕರೆಯುತ್ತಿದ್ದ ಮನುಷ್ಯ ಬಂದ ಗಿರಾಕಿಯನ್ನು ವಾಪಸು ಕಳಿಸುತ್ತಿದ್ದರು! ತಮ್ಮ ಜಾಹೀರಾತು ಕಂಡರೆ ತಾವೇ ಕ್ಲಿಕ್ ಮಾಡುತ್ತಿದ್ದರು. ಅಷ್ಟಕ್ಕೂ ತೊಟ್ಟಿಲುಗಳು ಜಗ್ಗದಿದ್ದಾಗ ಒಂದು ಮಧ್ಯಾಹ್ನ ಅವರು ಮಾಡಿದ್ದನ್ನು ನೋಡಿ ನನಗೆ ನಂಬಲಾಗಲಿಲ್ಲ. ಫೋಮ್ ಹಾಸಿಗೆಗಳ ಪುಟ ತೆಗೆದು, ಒಂದೊಂದನ್ನೂ ಕ್ಲಿಕ್ ಮಾಡಿ, ಮೇಲಿಂದ ಕೆಳಗಿನವರೆಗೆ ಓದುತ್ತಾ ಕೂತಿದ್ದರು.

"ಭಾಯ್, ನೀವು ನೋಡ್ತಿರೋದು ಏನು ಗೊತ್ತಾ?"

"ಗೊತ್ತು, ಅದು" ಎಂದರು, ಪರದೆಯಿಂದ ಕಣ್ಣು ತೆಗೆಯದೆ. "ದರಿದ್ರದ್ದು, ಬಲವಾಗೈತೆ ಮೇಷ್ಟ್ರೇ. ಇದು ಬಂದ್ರೆ ತೊಟ್ಟಿಲು ಹೋಯ್ತದೆ."

ಹೋದವು. ಒಂದೊಂದಾಗಿ ಹೋದವು. ಎಲ್ಲಕ್ಕಿಂತ ಕೊನೆಗೆ ಬಲಗಡೆ ಮೂಲೆಯಲ್ಲಿ ಒಂದು ಮರದ ತೊಟ್ಟಿಲು ಹಟ ಹಿಡಿದು ಕೂತಿತ್ತು. ಭಾಯ್ ಅದನ್ನು ಬೈಯಲಿಲ್ಲ. "ಹೋಗಿ ಬಾರಪ್ಪ, ಇನ್ನೊಂದ್ ದಿನ ಬರುವಂತೆ" ಎಂದು ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಆಮೇಲೆ ಅದೂ ಕಾಣಿಸಲಿಲ್ಲ.

ನಾನು ಮನೆಗೆ ಹೋಗಿ ಅವಳಿಗೆ ಎಲ್ಲವನ್ನೂ ಹೇಳಿದೆ. ಬೆಳಗ್ಗೆ ನನಗಿಂತ ಮುಂಚೆ ಸೀರೆ ಉಟ್ಟು ತಯಾರಾಗಿ ನಿಂತಿದ್ದಳು. ಸೆಂಟರಿಗೆ ಬಂದು ಕಂಪ್ಯೂಟರ್ ಹಾಕಿದಳು. ಸ್ಕೋರಿನ ಪಕ್ಕ ಹಾಸಿಗೆ. ವಾರ್ತೆಯ ನಡುವೆ ದಿಂಬು. ಒಂದು ಫೋಮ್ ಹಾಸಿಗೆಯ ಮೇಲೆ ಯಾರೋ ಗಂಡ ಹೆಂಡತಿ ಹುಚ್ಚರಂತೆ ಕುಣಿಯುತ್ತಿದ್ದರು. ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು. ಮೇಜಿನ ಮೇಲೆ ತಲೆಯಿಟ್ಟು, ಇಷ್ಟು ದಿನದ್ದನ್ನೆಲ್ಲ ಸೇರಿಸಿ ಅತ್ತಳು. ಭಾಯ್ ಬಾಗಿಲಲ್ಲಿ ನಿಂತು, ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಏನು ಮಾಡಬೇಕೆಂದು ತಿಳಿಯದೆ ತಮ್ಮ ಅಂಗಡಿಯಿಂದ ಒಂದು ದಿಂಬು ತಂದು ಅವಳ ತಲೆಯ ಕೆಳಗೆ ಇಡಲು ನೋಡಿದರು. ನಮ್ಮ ಭಾಯ್‌ಗೆ ಗೊತ್ತಿದ್ದ ಸಮಾಧಾನ ಅದೊಂದೇ.

ಈಚೆಗೆ ಕಂಪ್ಯೂಟರ್ ರಿಪೇರಿಗೆ ಬಂದ ಹುಡುಗನಿಗೆ ಈ ಕಥೆ ಹೇಳುತ್ತಿದ್ದೆ. ಅವನು ಜೋರಾಗಿ ನಕ್ಕು, "ಅಯ್ಯೋ ಸಾರ್, ಒಂದ್ ಕಡೆ ಕ್ಲಿಕ್ ಮಾಡಿದ್ರೆ ಅದು ನೆನಪಿಟ್ಟಿದ್ದೆಲ್ಲಾ ಅಳಿಸಿ ಹೋಗ್ತಿತ್ತಲ್ಲ! ಆಗ್ಲೂ ಅಷ್ಟೇ, ಈಗ್ಲೂ ಅಷ್ಟೇ. ಎರಡು ನಿಮಿಷದ ಕೆಲಸ" ಎಂದ. ನಾನು ಗಾಬರಿಯಿಂದ ಗೋಡೆಯ ಕಡೆ ನೋಡಿದೆ.

"ಮೆಲ್ಲಗೆ ಮಾತಾಡಪ್ಪ" ಎಂದೆ. "ಭಾಯ್ ಅಂಗಡೀಲಿದಾರೆ."